ಎರಡು ಸೆಂಟಿಮೀಟರಿಗೊಮ್ಮೆ ಕುಂಟುವ ಎಂಜಿನ್

ಜೂನ್ 8

ಮಳೆ ಹಿಡಿದು ತಾರಸಿಯ ಕೆಲಸಗಳೆಲ್ಲ ನಿಂತಿರುವುದರಿಂದ, ಎರಡು ವರ್ಷಗಳಿಂದ ಬಿಸ್ಕತ್ತಿನ ಡಬ್ಬದಲ್ಲಿ ಮಲಗಿದ್ದ ಮೂರು ಕೆಟ್ಟ ಮಾದರಿ ರೈಲು ಎಂಜಿನ್‌ಗಳನ್ನು ಈ ಬಾರಿ ಮೇಜಿಗೆ ತಂದಿದ್ದೇನೆ. ಮೂರೂ ಎನ್ ಸ್ಕೇಲ್ ಎಂಬ ಪುಟ್ಟ ಅಳತೆಯವು. ಎರಡು ಹಳಿಗಳ ನಡುವಿನ ಅಂತರ 9 ಮಿಲಿಮೀಟರ್. ಆ ಒಂಬತ್ತೇ ಹೆಸರಿನ ಮೂಲ. ಇಂಗ್ಲಿಷಿನ ನೈನ್, ಜರ್ಮನ್ನಿನ ನಾಯ್ನ್, ಎರಡೂ ಎನ್ ಅಕ್ಷರದಿಂದಲೇ ಶುರುವಾಗುತ್ತವೆ. (ನಮ್ಮ ಒಂಬತ್ತನ್ನು ಹಿಡಿದು ಹೆಸರಿಟ್ಟಿದ್ದರೆ ‘ಒ ಸ್ಕೇಲ್’ ಆಗುತ್ತಿತ್ತು, ಆ ಹೆಸರಿನ ದೊಡ್ಡ ಅಳತೆಯೊಂದು ಅದಕ್ಕೂ ಮೊದಲೇ ಇತ್ತು.) ನ್ಯೂರೆಂಬರ್ಗಿನ ಆರ್ನಾಲ್ಡ್ ಕಂಪನಿ 1960ರ ದಶಕದ ಆರಂಭದಲ್ಲಿ ಈ ಅಳತೆಯನ್ನು ಮಾರುಕಟ್ಟೆಗೆ ತಂದಿತು, 1965ರಲ್ಲಿ ಜಪಾನಿನ ಕಾಟೊ ತನ್ನ ಸಿ50 ಉಗಿ ಎಂಜಿನ್ನಿನೊಂದಿಗೆ ಅದೇ ದಾರಿ ಹಿಡಿಯಿತು.

ಸಂಗ್ರಹದಲ್ಲಿ ನಮ್ಮ ದೇಶದ ಎಂಜಿನ್ ಏಕಿಲ್ಲವೆಂದು ಮನೆಗೆ ಬಂದವರು ಕೇಳುವುದುಂಟು. ಅಮೆರಿಕ ಮತ್ತು ಯುರೋಪಿನ 1435 ಮಿಲಿಮೀಟರ್ ಅಂತರದ ಹಳಿಯನ್ನು ಈ ಸ್ಕೇಲಿನ ಅನುಪಾತವಾದ 160ರಿಂದ ಭಾಗಿಸಿದರೆ 8.97 ಬರುತ್ತದೆ, ಅಂದರೆ ಲೆಕ್ಕ ಕೂಡುತ್ತದೆ. ನಮ್ಮ 1676ರ ಬ್ರಾಡ್ ಗೇಜನ್ನು ಭಾಗಿಸಿದರೆ ಸುಮಾರು 10.5. ಜಪಾನೀಯರು ತಮ್ಮ 1067ರ ಹಳಿಯ ಎಂಜಿನ್‌ಗಳನ್ನು 150ರಲ್ಲೊಂದಕ್ಕೆ ಇಳಿಸಿ, 7.1 ಇರಬೇಕಾದಲ್ಲಿ ಅದೇ 9ರ ಮೇಲೆ ಓಡಿಸುತ್ತಾರೆ, ನಾನೂ ತಕರಾರಿಲ್ಲದೆ ಕೊಳ್ಳುತ್ತೇನೆ. ಆದರೆ ಬಂಗಾರಪೇಟೆಯ ಪ್ಲಾಟ್‌ಫಾರಂ ಮೇಲೆ ನಿಂತು ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಕಪ್ಪು ಹೊಗೆ ಕುಡಿದು ಬೆಳೆದವನಿಗೆ, ಅದೇ ಎಂಜಿನ್ ಕಾಲು ಕೂಡಿಸಿಕೊಂಡು ಓಡುವುದನ್ನು ನೋಡಲಾಗುವುದಿಲ್ಲ. ಹಾಗಾಗಿ ಅದರ ದಾಯಾದಿಗಳನ್ನು ಹಿಡಿದಿದ್ದೇನೆ. ಡಬ್ಲ್ಯುಡಿಎಂ-2 ಮೂಲತಃ 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದದ್ದು; ನನ್ನ ಸಂಗ್ರಹದ ಹೆಚ್ಚು ಪಾಲು ಆ ಆಲ್ಕೊ ಮನೆತನದ ಡೀಸೆಲ್‌ಗಳೇ.

ಬಿಚ್ಚುವ ಮೊದಲು ಅಳೆಯಬೇಕೆಂಬುದನ್ನು ನಾನು ನಷ್ಟಪಟ್ಟು ಕಲಿತವನು. 12 ವೋಲ್ಟಿನ ಪವರ್ ಸಪ್ಲೈಗೂ ಹಳಿಗೂ ನಡುವೆ ಮಲ್ಟಿಮೀಟರನ್ನು ಸೇರಿಸಿ, ಒಂದೊಂದನ್ನೇ ಹಳಿಗಿಟ್ಟೆ. ನಾಲ್ಕು ಆಕ್ಸಲ್‌ಗಳ ಆಲ್ಕೊ ಡೀಸೆಲ್ 0.14 ಆಂಪಿಯರ್ ಎಳೆದುಕೊಂಡು ಓಡಿತು, ಆದರೆ ಕುಂಟುತ್ತ. ಜಪಾನಿನ ಹಳೆಯ ವಿದ್ಯುತ್ ಎಂಜಿನ್ 0.46 ತೋರಿಸಿ, ಗುಂಯ್ ಎಂದು ಸದ್ದು ಮಾಡಿ, ಕದಲದೆ ನಿಂತಿತು. ಎರಡು ಸೆಕೆಂಡಿಗೇ ಸ್ವಿಚ್ ಆರಿಸಿದೆ. ಮೂರನೆಯದಾದ ಸಣ್ಣ ಉಗಿ ಎಂಜಿನ್ ಏನನ್ನೂ ತೋರಿಸಲಿಲ್ಲ.

ಜೂನ್ 10

ಉಗಿ ಎಂಜಿನ್ನಿನ ಕಥೆ ಇಂದೇ ಮುಗಿಯಿತು. ಮೇಲಿನ ಪ್ಲಾಸ್ಟಿಕ್ ಕವಚ ಕಳಚಿ ಬರಲೇ ಇಲ್ಲ. ಒಳಗಿನ ಚಾಸಿ ಉಬ್ಬಿಕೊಂಡು ಅದನ್ನು ಬಿಗಿಹಿಡಿದಿತ್ತು. ಕೊನೆಗೆ ಕವಚವನ್ನು ಸೀಳಿ ತೆಗೆದಾಗ, ಬಿರುಕುಬಿಟ್ಟ ಬೂದುಬಣ್ಣದ ಲೋಹ ಒಣಗಿದ ರಾಗಿ ರೊಟ್ಟಿಯಂತೆ ಬೆರಳಲ್ಲೇ ಮುರಿಯಿತು. ಸತುವಿನ ಎರಕದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಲೋಹದ ಕಣಗಳ ನಡುವಿನ ಗಡಿಗಳಲ್ಲಿ ಸವೆತ ಹಬ್ಬಿ, ವರ್ಷಗಳ ನಂತರ ಇಡೀ ಎರಕವೇ ಉಬ್ಬಿ ಒಡೆಯುತ್ತದೆ. ತೇವವಿದ್ದರೆ ಇನ್ನೂ ಬೇಗ. ಇದನ್ನು ಸತುವಿನ ಪಿಡುಗು ಎನ್ನುತ್ತಾರೆ; ಹೆಸರು ಹೀಗಿದ್ದರೂ ಪಕ್ಕದ ಎಂಜಿನ್ನಿಗೆ ಅಂಟುವ ರೋಗವಲ್ಲ. ಇದಕ್ಕೆ ಔಷಧವೂ ಇಲ್ಲ. ಗಾಲಿಗಳನ್ನೂ ಎರಡು ಸ್ಕ್ರೂಗಳನ್ನೂ ಉಳಿಸಿಕೊಂಡು ಉಳಿದದ್ದನ್ನು ಕಸಕ್ಕೆ ಹಾಕಿದೆ. ಮಾರಿದವರು ಕಳಿಸಿದ್ದ ಫೋಟೊವನ್ನು ಮತ್ತೆ ತೆಗೆದು ನೋಡಿದರೆ, ಕವಚದ ಬದಿ ಕೂದಲೆಳೆಯಷ್ಟು ಹೊರಗೆ ಬಾಗಿರುವುದು ಅದರಲ್ಲೇ ಕಾಣುತ್ತದೆ. ಅಗ್ಗವೆಂದು ಅಂದು ನಾನು ಬೆಲೆಯನ್ನು ನೋಡಿದೆನೇ ಹೊರತು ಬದಿಯನ್ನು ನೋಡಲಿಲ್ಲ.

ಜೂನ್ 14

ಜಪಾನಿನ ಎಂಜಿನ್ ಬಿಚ್ಚಿದೆ. ಹಳೆಯ ಬಿಳಿ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಮೇಜಿಗೆ ಹಾಸಿಕೊಳ್ಳುವುದು ನನ್ನ ಪದ್ಧತಿ. ತಿರುಗುವ ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ಷಿನ ಹಿಂದಿರುವ ಸ್ಪ್ರಿಂಗ್ ಸಾಸಿವೆಗಿಂತ ತುಸು ದೊಡ್ಡದು, ಹಾರಿದರೆ ಪಂಚೆಯ ಮಡಿಕೆಯಲ್ಲಾದರೂ ಸಿಕ್ಕುತ್ತದೆ. ಮೋಟಾರಿನ ದಂಡದ ಮೇಲಿರುವ, ಸ್ಕ್ರೂವಿನಂಥ ವರ್ಮ್ ಗೇರಿನ ಸುತ್ತ ಹಾಕಿದ್ದ ಗ್ರೀಸು ಒಣಗಿ, ಪಾಕ ಗಟ್ಟಿಯಾದ ಬೆಲ್ಲದ ಹಾಗೆ ಹಲ್ಲುಗಳ ಸಂದಿನಲ್ಲಿ ಕೂತಿತ್ತು. ಮೋಟಾರ್ ಅದನ್ನೇ ತಿರುಗಿಸಲಾಗದೆ ಅರ್ಧ ಆಂಪಿಯರ್ ನುಂಗುತ್ತಿತ್ತು.

ಹಾಗೆ ಬಿಸಿಯಾಗಿ ಸುರುಳಿ ಸುಟ್ಟಿರಬಹುದೇ ಎಂದು ಮೊದಲು ನೋಡಿಕೊಂಡೆ. ಇದು ಮೂರು ಧ್ರುವಗಳ ಮೋಟಾರ್. ಬ್ರಷ್ಷುಗಳು ತಾಗುವ ಕಮ್ಯುಟೇಟರಿನಲ್ಲಿ ಮೂರೇ ತಾಮ್ರದ ತುಂಡುಗಳು, ಮೂರು ಸುರುಳಿಗಳು ತ್ರಿಕೋನವಾಗಿ ಅವಕ್ಕೆ ಸೇರಿರುತ್ತವೆ. ಎರಡೆರಡು ತುಂಡುಗಳ ನಡುವೆ ಅಳೆದರೆ ಮೂರೂ ಜೋಡಿಗಳು ಒಂದೇ ಓಮ್ ತೋರಿಸಬೇಕು. ಒಂದು ಸುರುಳಿ ತುಂಡಾಗಿದ್ದರೆ ಅದರ ಜೋಡಿ ಉಳಿದೆರಡರ ಎರಡರಷ್ಟು ತೋರಿಸುತ್ತದೆ. ನನಗೆ 21, 21, 20.5 ಬಂತು, ನೆಮ್ಮದಿಯಾಯಿತು. ತುಂಡುಗಳ ನಡುವಿನ ಸೀಳಿನಲ್ಲಿ ತುಂಬಿದ್ದ ಕಾರ್ಬನ್ ಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ತೆಗೆದು, ಗೇರುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ.

ಎಣ್ಣೆಯ ವಿಚಾರದಲ್ಲಿ ನಾನು ನಂಬುವುದು ನಮ್ಮ ಬೀದಿಯ ಗಡಿಯಾರ ರಿಪೇರಿಯವರನ್ನು. ಭೂತಗಾಜು ಕೇಳಲು ಹೋದಾಗ ಅವರು ಎಂಜಿನ್ನನ್ನು ತಿರುಗಿಸಿ ನೋಡಿ, “ಇದಕ್ಕೆಲ್ಲ ಎಣ್ಣೆ ಹಾಕಬಾರದು ಸಾರ್, ಎಣ್ಣೆ ತೋರಿಸಿದರೆ ಸಾಕು” ಎಂದಿದ್ದರು. ಪ್ಲಾಸ್ಟಿಕ್ಕನ್ನು ತಿನ್ನದ ತೆಳು ಎಣ್ಣೆಯನ್ನು ಇನ್ಸುಲಿನ್ ಸೂಜಿಯ ತುದಿಯಲ್ಲಿ ತೆಗೆದು ಎರಡು ಬೇರಿಂಗ್‌ಗಳಿಗೆ ತೋರಿಸಿದೆ. ಈಗ ಎಂಜಿನ್ 0.19ಕ್ಕೆ ಓಡುತ್ತದೆ.

ಜೂನ್ 22

ಉಳಿದದ್ದು ಕುಂಟುವ ಆಲ್ಕೊ. ಅದರಲ್ಲಿ ವಾರ ಪೂರ್ತಿ ತಪ್ಪು ದಾರಿ ಹಿಡಿದೆ. ಮೊದಲು ಹಳಿಯ ಮೇಲೆ ಅನುಮಾನಪಟ್ಟೆ. ನಿಕಲ್ ಸಿಲ್ವರ್ ಎಂಬ ಹೆಸರಿನ ಈ ಹಳಿಯಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ, ಇರುವುದು ತಾಮ್ರ, ನಿಕಲ್ ಮತ್ತು ಸತು. ಮಳೆಗಾಲದಲ್ಲಿ ಅದು ಮಂಕಾಗುತ್ತದೆ. ಉಜ್ಜಿ ಒರೆಸಿದೆ. (ಸ್ಟೀಲ್ ಉಣ್ಣೆಯಿಂದ ಮಾತ್ರ ಉಜ್ಜಬಾರದು, ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಒಳಕ್ಕೆ ಸೆಳೆದುಕೊಳ್ಳುತ್ತದೆ.) ಕುಂಟು ಹೋಗಲಿಲ್ಲ. ಬಳಿಕ ಮೋಟಾರ್ ಬಿಚ್ಚಿ, ಏನೂ ಕೆಡದಿದ್ದ ಬ್ರಷ್ಷುಗಳನ್ನು ಬದಲಿಸಿದೆ. ಆಗಲೂ ಹೋಗಲಿಲ್ಲ. ಆಮೇಲೆ ಚಾಸಿಯ ಎಡಬಲದ ಎರಡು ಲೋಹದ ಅರ್ಧಗಳು ಎಲ್ಲಾದರೂ ಒಂದನ್ನೊಂದು ತಾಗುತ್ತಿವೆಯೇ ಎಂದು ನೋಡಿದೆ. ಈ ಎಂಜಿನ್‌ಗಳಲ್ಲಿ ಆ ಅರ್ಧಗಳೇ ಧನ ಮತ್ತು ಋಣ ತಂತಿಗಳ ಕೆಲಸ ಮಾಡುವುದರಿಂದ, ನಡುವಿನ ಪ್ಲಾಸ್ಟಿಕ್ ತಡೆಯೊಂದು ಜಾರಿದರೂ ಶಾರ್ಟ್ ಆಗುತ್ತದೆ. ಎಲ್ಲವೂ ನೆಟ್ಟಗಿತ್ತು.

ಇವತ್ತು ಬೇರೆ ದಾರಿ ಹಿಡಿದೆ. ಹಳಿಯ ಪಕ್ಕ ಬಿಳಿ ಕಾಗದದ ಪಟ್ಟಿ ಅಂಟಿಸಿ, ಎಂಜಿನ್ನನ್ನು ಆದಷ್ಟು ನಿಧಾನವಾಗಿ ಓಡಿಸುತ್ತ, ಅದು ಮುಗ್ಗರಿಸಿದಾಗಲೆಲ್ಲ ಅದರ ಮೂತಿಯ ನೇರಕ್ಕೆ ಪೆನ್ಸಿಲ್ ಗೀರು ಹಾಕಿದೆ. ಮೊದಲ ಗೀರಿನಿಂದ ಹನ್ನೊಂದನೆಯ ಗೀರಿಗೆ 198 ಮಿಲಿಮೀಟರ್, ಅಂದರೆ ಒಂದೊಂದು ಹೆಜ್ಜೆಗೆ 19.8. ವರ್ನಿಯರ್‌ನಲ್ಲಿ ಗಾಲಿಯ ವ್ಯಾಸ ಅಳೆದರೆ 6.3, ಅದನ್ನು 3.14ರಿಂದ ಗುಣಿಸಿದರೆ ಅದೇ 19.8. ದೋಷ ಮೋಟಾರಿನದಾಗಿದ್ದರೆ, ಗಾಲಿಯ ಒಂದು ಸುತ್ತಿನೊಳಗೆ ಮೋಟಾರ್ ಹಲವು ಸುತ್ತು ಮುಗಿಸುವುದರಿಂದ, ಗೀರುಗಳು ಒತ್ತೊತ್ತಾಗಿ ಬೀಳಬೇಕಿತ್ತು. ಗಾಲಿಯ ಒಂದು ಸುತ್ತಿಗೆ ಒಂದೇ ಮುಗ್ಗರಿಕೆ ಎಂದರೆ ಕಳ್ಳ ಆಕ್ಸಲ್ ಮೇಲೆಯೇ ಕೂತಿದ್ದಾನೆ.

ಟ್ರಕ್‌ಗಳನ್ನು ಕಳಚಿದೆ. (ಎರಡೆರಡು ಆಕ್ಸಲ್ ಹಿಡಿದಿರುವ ಈ ಚೌಕಟ್ಟಿಗೆ ಬೋಗಿ ಎಂಬ ಹೆಸರೂ ಇದೆ, ನಮ್ಮಲ್ಲಿ ಬೋಗಿ ಎಂದರೆ ಪ್ರಯಾಣಿಕರ ಡಬ್ಬಿಯೇ ಆಗಿಬಿಟ್ಟಿರುವುದರಿಂದ ಆ ಪದ ಬಿಟ್ಟಿದ್ದೇನೆ.) ಎಡಗಾಲಿ ಬಲಗಾಲಿಗಳ ಅರ್ಧ ಆಕ್ಸಲ್‌ಗಳು ನಡುವಿನ ಪ್ಲಾಸ್ಟಿಕ್ ಗೇರಿನ ತೂತಿಗೆ ಎರಡು ಕಡೆಯಿಂದ ಬಿಗಿಯಾಗಿ ತೂರಿಕೊಂಡಿರುತ್ತವೆ. ಗಡಿಯಾರದವರ ಭೂತಗಾಜಿನಲ್ಲಿ, ಹಿಂದಿನ ಟ್ರಕ್‌ನ ಒಂದು ಗೇರಿನ ಎರಡು ಹಲ್ಲುಗಳ ನಡುವೆ ಕಪ್ಪು ಎಳೆಯೊಂದು ಕಂಡಿತು. ಉಗುರಿನಿಂದ ಒತ್ತಿದರೆ ಅದು ಬಾಯಿ ಬಿಡುತ್ತದೆ. ವರ್ಷಗಟ್ಟಲೆ ಲೋಹವನ್ನು ಬಿಗಿದಪ್ಪಿ ನಿಂತ ಪ್ಲಾಸ್ಟಿಕ್ ಕುಗ್ಗಿ ಸೀಳಿದೆ. ಸೀಳಿದಲ್ಲಿ ಹಲ್ಲುಗಳ ಅಂತರ ಹೆಚ್ಚಾಗಿ, ಪಕ್ಕದ ಗೇರಿನ ಹಲ್ಲು ಅಲ್ಲಿಗೆ ಬಂದಾಗಲೆಲ್ಲ ಎಡವಿದೆ. ಉಳಿದ ಮೂರನ್ನೂ ನೋಡಿದೆ. ಇನ್ನೊಂದರಲ್ಲಿ ಬಿರುಕು ಶುರುವಾಗಿದೆ.

ಅಂಟು ಹಾಕುವ ಆಸೆ ಬಿಟ್ಟೆ. ಅಸಿಟಾಲ್ ಎಂಬ ಈ ನುಣುಪು ಪ್ಲಾಸ್ಟಿಕ್‌ಗೆ ಮನೆಯಲ್ಲಿರುವ ಯಾವ ಅಂಟೂ ಕಚ್ಚುವುದಿಲ್ಲ, ಕಚ್ಚಿದರೂ ಹಲ್ಲಿನ ಸಂದಿಗಿಳಿದು ಇನ್ನೊಂದು ಕುಂಟು ತರುತ್ತದೆ. ನಾಲ್ಕು ಗೇರುಗಳನ್ನೂ ತರಿಸುತ್ತಿದ್ದೇನೆ.

ಜುಲೈ 19

ಗೇರುಗಳು ಬಂದವು, ಅವುಗಳ ಬೆಲೆಗಿಂತ ಅಂಚೆ ಖರ್ಚೇ ಹೆಚ್ಚು. ಹೊಸ ಗೇರಿಗೆ ಅರ್ಧ ಆಕ್ಸಲ್‌ಗಳನ್ನು ಸೊಟ್ಟವಾಗದಂತೆ, ವರ್ನಿಯರ್‌ನ ದವಡೆಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿದೆ. ಎರಡು ಗಾಲಿಗಳ ಅಂತರವನ್ನು ಗೇಜಿನಲ್ಲಿ ಪ್ರತಿ ಬಾರಿ ನೋಡಿಕೊಂಡು, ನಾಲ್ಕನ್ನು ಮುಗಿಸಲು ಮಧ್ಯಾಹ್ನ ಪೂರ್ತಿ ಬೇಕಾಯಿತು. ಮೂರನೆಯದನ್ನು ಹೆಚ್ಚು ಒತ್ತಿ, ಎಳೆದು, ಮತ್ತೆ ಒತ್ತಿದ್ದೇನೆ. ಆ ಗೇರಿನ ಮೇಲೆ ಕಣ್ಣಿಟ್ಟಿರಬೇಕು.

ಕಾಗದದ ಪಟ್ಟಿ ಇನ್ನೂ ಅಲ್ಲೇ ಇದೆ. ಎಂಜಿನ್ ಹನ್ನೊಂದೂ ಗೀರುಗಳನ್ನು ಒಂದೇ ನಡಿಗೆಯಲ್ಲಿ ದಾಟಿತು, 0.11 ಆಂಪಿಯರಿನಲ್ಲಿ. ಹಿಮ್ಮುಖವಾಗಿ ಓಡಿಸಿದಾಗ ಮಾತ್ರ ಸಣ್ಣದೊಂದು ಕಿರುಗುಟ್ಟುವ ಸದ್ದು ಬರುತ್ತಿದೆ. ವರ್ಮ್‌ನ ಹಿಂದಿನ ವಾಷರ್ ಸವೆದು ಅದು ಹಿಂದೆಮುಂದೆ ಆಡುತ್ತಿರಬೇಕು. ತೆಳು ವಾಷರ್ ಸಿಕ್ಕುವವರೆಗೆ ಅದು ಮುಂದಕ್ಕೇ ಓಡಲಿ.