ನೆಟ್ ಹೋಗಿದೆ ಅಂದರೆ, ಎಲ್ಲಿಂದ ಹೋಗಿದೆ?

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಸುಮಾರು 40 ಸಿಸ್ಟಮ್‌ಗಳಿವೆ. ಭದ್ರಾವತಿಯಲ್ಲಿ ನಮ್ಮದೇ ಒಂದು ಸಣ್ಣ ಕ್ಲಿನಿಕ್ ಇದೆ, ಅದೂ ನನ್ನ ಲೆಕ್ಕಕ್ಕೇ ಬರುತ್ತದೆ. ದಿನದಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಮಾತು ಒಂದೇ: "ಸರ್, ನೆಟ್ ಹೋಗಿದೆ."

ಈ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲು ನಾನು ಕಲಿತದ್ದು ಒಂದು ಸೋಮವಾರ.

ಬೆಳಿಗ್ಗೆ 9 ಗಂಟೆ. ಒಪಿಡಿ ಕ್ಯೂ ಗೇಟಿನವರೆಗೆ ಬಂದಿತ್ತು. ಬಿಲ್ಲಿಂಗ್ ಕೌಂಟರಿನಿಂದ ಫೋನ್ ಬಂತು, ಅದೇ ಮಾತು. ನಾನು ಸೀಟಿನಿಂದ ಏಳಲೂ ಇಲ್ಲ. ಇಂಟರ್ನೆಟ್ ಕೊಡುವ ಕಂಪನಿಗೆ ನೇರವಾಗಿ ಫೋನ್ ಹಚ್ಚಿದೆ. "ಲೈನ್ ಸರಿ ಇದೆ ಸರ್, ಇಲ್ಲಿಂದ ನಿಮ್ಮ ಮೋಡೆಮ್ ಕಾಣ್ತಾ ಇದೆ" ಎಂದರು ಅವರು. ನಾನು ಒಪ್ಪಲಿಲ್ಲ, ದನಿ ಏರಿಸಿದೆ. ಕೊನೆಗೆ ಅವರು ಒಬ್ಬ ಹುಡುಗನನ್ನು ಕಳಿಸಿದರು. ಅವನು ಬಂದು ಫೈಬರ್ ಬಿಚ್ಚಿ, ಬೆಳಕು ಅಳೆದು, "ಏನೂ ತೊಂದರೆ ಇಲ್ಲ ಸರ್" ಎಂದು ಹೇಳಿ ಹೋಗುವ ಹೊತ್ತಿಗೆ 11 ಆಗಿತ್ತು. ಅಷ್ಟರವರೆಗೂ ಬಿಲ್ಲನ್ನು ಕೈಯಲ್ಲಿ ಬರೆದಿದ್ದರು. ಲ್ಯಾಬ್ ರಿಪೋರ್ಟ್ ಹಿಡಿದು ಆಯಾಗಳು ಮೂರು ಮಹಡಿ ಹತ್ತಿ ಇಳಿದಿದ್ದರು. ವಯಸ್ಸಾದವರು, ಜ್ವರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಕ್ಯೂನಲ್ಲೇ ನಿಂತಿದ್ದರು. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ಆಗ ಬಿಲ್ಲಿಂಗ್ ಮೇಡಂ ಒಂದು ಮಾತು ಕೇಳಿದರು. "ಫಾರ್ಮಸಿಯವರಿಗೆ ಬರ್ತಾ ಇದೆಯಂತಲ್ಲ ಸರ್. ನಮಗೆ ಮಾತ್ರ ಯಾಕಿಲ್ಲ?"

ಹೌದಲ್ವಾ! ಹೊರಗಿನ ಲೈನ್ ಹೋಗಿದ್ದರೆ ಎಲ್ಲರಿಗೂ ಹೋಗಬೇಕು. ಇನ್ನೂ ಮುಖ್ಯವಾದದ್ದು, ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಇಂಟರ್ನೆಟ್ಟೇ ಬೇಡ. ಅದರ ಸರ್ವರ್ ಇರುವುದು ನನ್ನ ಕೋಣೆಯ ಪಕ್ಕದಲ್ಲಿ. ಹೊರಗಿನ ಲೈನ್ ಇಡೀ ದಿನ ಸತ್ತರೂ ಬಿಲ್ ಆಗಲೇಬೇಕು. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. "ನೆಟ್" ಎಂಬ ಒಂದೇ ಪದ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು.

ಆದ್ದರಿಂದ ಆ ಪದವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಕಂಪ್ಯೂಟರ್‌ಗಳನ್ನು ವೈರಿನಿಂದಲೋ ಗಾಳಿಯಲ್ಲೋ ಜೋಡಿಸಿ ಅವು ಮಾತಾಡಿಕೊಂಡರೆ ಅದೇ ನೆಟ್‌ವರ್ಕ್. ಒಂದು ಕಟ್ಟಡದೊಳಗೆ, ಒಂದು ಕ್ಯಾಂಪಸ್ಸಿನೊಳಗೆ ಇದ್ದರೆ ಅದು ಲ್ಯಾನ್. ಊರು, ಜಿಲ್ಲೆ, ದೇಶ ದಾಟಿದರೆ ವ್ಯಾನ್. ಪುಸ್ತಕಗಳಲ್ಲಿ ಇದನ್ನು ದೂರದ ಲೆಕ್ಕದಲ್ಲಿ ಹೇಳುತ್ತಾರೆ. ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಲೆಕ್ಕ: ಈ ವೈರು ಯಾರದ್ದು? ಲ್ಯಾನ್‌ನಲ್ಲಿ ವೈರು ನಮ್ಮದು, ವೈರುಗಳನ್ನೆಲ್ಲ ಒಂದೆಡೆ ಕೂಡಿಸುವ ಸ್ವಿಚ್ ಎಂಬ ಪೆಟ್ಟಿಗೆ ನಮ್ಮದು, ಕೆಟ್ಟರೆ ಏಣಿ ಹತ್ತಬೇಕಾದವನು ನಾನು. ವ್ಯಾನ್‌ನಲ್ಲಿ ಸಾಮಾನ್ಯವಾಗಿ ವೈರು ಬೇರೆಯವರದ್ದು, ನಾವು ಬಾಡಿಗೆ ಕೊಟ್ಟು ಬಳಸುತ್ತೇವೆ. ನಮ್ಮ ಭದ್ರಾವತಿ ಕ್ಲಿನಿಕ್ಕಿನ ಸಿಸ್ಟಮ್‌ಗಳು ಶಿವಮೊಗ್ಗದ ಸರ್ವರ್ ಮುಟ್ಟುವುದು ಹೀಗೆಯೇ. ಕಂಪನಿಯ ಲೈನಿನ ಮೇಲೆ ವಿಪಿಎನ್, ಅಂದರೆ ಬೇರೆಯವರು ಇಣುಕದ ಹಾಗೆ ನಮ್ಮದೇ ಒಂದು ಖಾಸಗಿ ದಾರಿ, ಹಾಕಿಕೊಂಡಿದ್ದೇವೆ. ಬೆಂಗಳೂರಿನಿಂದ ಜಿಲ್ಲೆ, ತಾಲ್ಲೂಕು ಕಚೇರಿಗಳವರೆಗೆ ಹಬ್ಬಿರುವ ಸರ್ಕಾರದ ಕೆಸ್ವಾನ್ ಜಾಲವೂ ವ್ಯಾನೇ, ಅದರ ಪೂರ್ತಿ ಹೆಸರು ಕರ್ನಾಟಕ ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್; ವೈಡ್ ಏರಿಯಾ ನೆಟ್‌ವರ್ಕ್ ಅಂದರೆ ವ್ಯಾನ್. ಇಂಟರ್ನೆಟ್ ಅಂದರೆ ಇಂಥ ಲೆಕ್ಕವಿಲ್ಲದಷ್ಟು ಜಾಲಗಳನ್ನು ಜೋಡಿಸಿದ ಜಾಲ.

ನಡುವೆ ಮ್ಯಾನ್ ಅಂತ ಒಂದಿದೆ, ಒಂದು ನಗರದ ಅಳತೆಯದ್ದು. ಊರಿನ ಕಂಬಗಳ ಮೇಲೆ ಕೇಬಲ್ ಟಿವಿಯವರು ಎಳೆದಿರುವ ಫೈಬರ್ ನೋಡಿದರೆ ಅದರ ಅಂದಾಜು ಸಿಗುತ್ತದೆ. ಪ್ಯಾನ್ ಅಂದರೆ ನಮ್ಮ ಮೈ ಸುತ್ತಲಿನ ಪುಟ್ಟ ಜಾಲ: ಫೋನು, ಬ್ಲೂಟೂತ್ ಇಯರ್‌ಫೋನ್, ವಾಚು. ಸಾಮಾನ್ಯವಾಗಿ 10 ಮೀಟರ್ ಆಚೆಗೆ ಅದರ ಮಾತು ತಲುಪುವುದಿಲ್ಲ. ಇವೆರಡರ ಹೆಸರು ನನ್ನ ದಿನದ ಕೆಲಸದಲ್ಲಿ ಬರುವುದು ಕಡಿಮೆ.

ಒಂದು ಸಂಗತಿ ನನಗೆ ಬಹಳ ಇಷ್ಟ. ಪಾಠದಲ್ಲಿ ಲ್ಯಾನ್ ಮೊದಲು, ವ್ಯಾನ್ ಆಮೇಲೆ ಬರುತ್ತದೆ. ಆದರೆ ಇಂದಿನ ಇಂಟರ್ನೆಟ್ಟಿನ ಬೇರಾದ ಆರ್ಪಾನೆಟ್ ಅಮೆರಿಕದಲ್ಲಿ 1969ರಲ್ಲಿ ಶುರುವಾದಾಗ ದೂರದೂರದ ನಾಲ್ಕು ಸಂಸ್ಥೆಗಳನ್ನು ಜೋಡಿಸಿತ್ತು, ಅಂದರೆ ಅದು ವ್ಯಾನ್. ನಾವು ಇಂದು ಲ್ಯಾನ್‌ಗೆ ಬಳಸುವ ಈಥರ್ನೆಟ್ ಹುಟ್ಟಿದ್ದು ಅದಾದ ಮೇಲೆ, 1973ರಲ್ಲಿ, ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದನ್ನು ಕಟ್ಟಿದರು. ಆಗ ಒಂದೇ ದಪ್ಪ ಕೇಬಲ್ಲನ್ನು ಎಲ್ಲ ಕಂಪ್ಯೂಟರ್‌ಗಳೂ ಹಂಚಿಕೊಳ್ಳುತ್ತಿದ್ದವು. ಈಗ ಪ್ರತಿ ಸಿಸ್ಟಮ್‌ನಿಂದ ಒಂದೊಂದು ವೈರು ಬಂದು ನಡುವಿನ ಸ್ವಿಚ್‌ಗೆ ಸೇರುತ್ತದೆ, ನಕ್ಷತ್ರದ ಹಾಗೆ. ಒಂದು ವೈರು ಇಲಿ ಕಡಿದರೆ ಒಂದೇ ಸಿಸ್ಟಮ್ ನಿಲ್ಲುತ್ತದೆ, ಉಳಿದವು ನಡೆಯುತ್ತವೆ.

ಸರಿ, ಆ ಸೋಮವಾರಕ್ಕೆ ವಾಪಸ್ ಬರೋಣ. ಬಿಲ್ಲಿಂಗ್ ಸಿಸ್ಟಮ್ ಮುಂದೆ ಕೂತು ಕಪ್ಪು ಪರದೆ ತೆರೆದು, ನೆಟ್‌ವರ್ಕ್‌ನಲ್ಲಿ ಆ ಸಿಸ್ಟಮ್‌ನ ವಿಳಾಸ ತೋರಿಸುವ ಐಪಿ ಕಾನ್ಫಿಗ್ ಎಂಬ ಆಜ್ಞೆ ಹಾಕಿ ನೋಡಿದೆ. ವಿಳಾಸ 192.168.0.105 ಅಂತಿತ್ತು. ನಮ್ಮ ಆಸ್ಪತ್ರೆಯಲ್ಲಿ ಎಲ್ಲ ವಿಳಾಸಗಳೂ 192.168.10 ರಿಂದ ಶುರುವಾಗಬೇಕು. ಮೂರನೇ ಅಂಕಿ ಬೇರೆ. ಅಂದರೆ ಈ ಸಿಸ್ಟಮ್ ಆಸ್ಪತ್ರೆಯ ಒಳಗೇ ಕೂತಿದ್ದರೂ ಅದರ ತಲೆಯಲ್ಲಿ ತಾನು ಬೇರೆ ಓಣಿಯಲ್ಲಿದ್ದೇನೆ ಅಂತ. ಬೇರೆ ಓಣಿಯ ಸರ್ವರ್‌ಗೆ ಹೋಗುವ ದಾರಿ ಅದಕ್ಕೆ ಗೊತ್ತಿಲ್ಲ.

ಇದು ಹೇಗಾಗುತ್ತದೆ? ಸಿಸ್ಟಮ್ ಆನ್ ಆದಾಗ ಅದು ಇಡೀ ಲ್ಯಾನ್‌ಗೆ ಕೇಳುವ ಹಾಗೆ ಕೂಗುತ್ತದೆ: ನನಗೊಂದು ವಿಳಾಸ ಕೊಡಿ. ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ನಮ್ಮಲ್ಲಿ ಮುಖ್ಯ ರೂಟರ್ ಆ ಕೆಲಸ ಮಾಡುತ್ತದೆ. ಕೂಗಿಗೆ ಯಾರು ಮೊದಲು ಉತ್ತರ ಕೊಟ್ಟರೋ, ಸಾಮಾನ್ಯವಾಗಿ ಅವರು ಕೊಟ್ಟ ವಿಳಾಸವನ್ನೇ ಸಿಸ್ಟಮ್ ಹಿಡಿದುಕೊಳ್ಳುತ್ತದೆ. ಉತ್ತರ ಕೊಟ್ಟವರು ಅಧಿಕೃತರೋ ಅಲ್ಲವೋ ಎಂದು ಅದು ವಿಚಾರಿಸುವುದಿಲ್ಲ. ಅವತ್ತು ನಮ್ಮ ಲ್ಯಾನ್‌ನಲ್ಲಿ ಎರಡನೆಯವರು ಯಾರೋ ವಿಳಾಸ ಹಂಚುತ್ತಿದ್ದರು. ಬೆಳಿಗ್ಗೆ ಬಂದು ಆನ್ ಮಾಡಿದ ಸಿಸ್ಟಮ್‌ಗಳು ಆ ಬಲೆಗೆ ಬಿದ್ದವು. ಫಾರ್ಮಸಿ 24 ಗಂಟೆ ತೆರೆದಿರುತ್ತದೆ, ಅಲ್ಲಿನ ಸಿಸ್ಟಮ್ ಆಫ್ ಆಗುವುದೇ ಇಲ್ಲ. ಅವುಗಳ ಕೈಯಲ್ಲಿ ಹಳೆಯ ಸರಿಯಾದ ವಿಳಾಸ ಇನ್ನೂ ಇತ್ತು. ಮೇಡಂ ಪ್ರಶ್ನೆಗೆ ಉತ್ತರ ಇದೇ.

ಹುಡುಕುವುದು ಹೇಗೆ? ಆಗ ನಮ್ಮಲ್ಲಿದ್ದದ್ದು ಸಾದಾ 24 ಪೋರ್ಟಿನ, ಅಂದರೆ 24 ವೈರು ಚುಚ್ಚುವ ಕಿಂಡಿಗಳ, ಸ್ವಿಚ್‌ಗಳು. ಯಾವ ಪೋರ್ಟಿನ ಹಿಂದೆ ಯಾರಿದ್ದಾರೆ ಅಂತ ಅವನ್ನು ಕೇಳಲು ಆಗುವುದಿಲ್ಲ. ವೈರುಗಳಿಗೆ ಲೇಬಲ್ಲೂ ಇರಲಿಲ್ಲ. ಹಿಂದಿನವರು ಹಚ್ಚಿರಲಿಲ್ಲ, ನಾನೂ ಹಚ್ಚಿರಲಿಲ್ಲ. ಆದ್ದರಿಂದ ಬಿಲ್ಲಿಂಗ್ ಸಿಸ್ಟಮ್‌ನಿಂದ, ತಪ್ಪು ವಿಳಾಸ ಹಂಚುತ್ತಿದ್ದ ಸಾಧನದ್ದೇ ಇರಬೇಕಾದ 192.168.0.1ಕ್ಕೆ ನಿಲ್ಲದ ಹಾಗೆ ಪಿಂಗ್ ಬಿಟ್ಟೆ. ಪಿಂಗ್ ಅಂದರೆ "ಇದ್ದೀಯಾ?" ಅಂತ ಕೇಳುತ್ತಾ ಇರುವುದು. ಮೇಡಂ ಪರದೆ ನೋಡುತ್ತಾ ಫೋನ್ ಕಿವಿಗೆ ಹಿಡಿದು ಕೂತರು. ನಾನು ರ‍್ಯಾಕ್ ಮುಂದೆ ನಿಂತು ಒಂದೊಂದೇ ವೈರು ತೆಗೆದು, ಹತ್ತು ಸೆಕೆಂಡ್ ಕಾದು, ಮತ್ತೆ ಹಾಕಿದೆ.

"ಬರ್ತಿದೆ ಸರ್. ಬರ್ತಿದೆ. ಇನ್ನೂ ಬರ್ತಿದೆ." 17ನೇ ವೈರು. "ನಿಂತೋಯ್ತು ಸರ್!"

ಆ ವೈರಿನ ದಾರಿ ಹಿಡಿದು ಹೋದರೆ ಮೂರನೇ ಮಹಡಿಯ ಲ್ಯಾಬ್ ಪಕ್ಕದ ಕೋಣೆ ಸಿಕ್ಕಿತು. ಮೇಜಿನ ಕೆಳಗೆ ಮನೆಯಲ್ಲಿ ಬಳಸುವಂಥ ಒಂದು ವೈಫೈ ರೂಟರ್. ಗೋಡೆಯ ಪಾಯಿಂಟಿನಿಂದ ಬಂದ ವೈರು ಅದರ ಹಳದಿ ಪೋರ್ಟಿನಲ್ಲಿತ್ತು. ನೀಲಿ ಪೋರ್ಟ್ ಖಾಲಿ ಇತ್ತು. ಹಳದಿಯ ಕೆಳಗೆ ಲ್ಯಾನ್ ಅಂತ, ನೀಲಿಯ ಕೆಳಗೆ ವ್ಯಾನ್ ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು.

ರೂಟರ್ ಎರಡು ಜಾಲಗಳ ನಡುವಿನ ಹೊಸಿಲು. ನೀಲಿ ಕಡೆ ಹೊರಗಿನದು, ಹಳದಿ ಕಡೆ ಮನೆಯದು. ಅದು ವಿಳಾಸ ಹಂಚುವುದು ಮನೆಯ ಕಡೆಗೆ ಮಾತ್ರ. ವೈರನ್ನು ಹಳದಿಗೆ ಹಾಕಿದ ಕೂಡಲೇ ನಮ್ಮ ಇಡೀ ಆಸ್ಪತ್ರೆಯೇ ತನ್ನ ಮನೆ ಎಂದುಕೊಂಡು ಅದು ಪ್ರಾಮಾಣಿಕವಾಗಿ ವಿಳಾಸ ಹಂಚತೊಡಗಿತ್ತು. ನೀಲಿಗೆ ಹಾಕಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅದನ್ನು ಭಾನುವಾರ ಸಂಜೆ ಹಾಕಿದ್ದು ಲ್ಯಾಬ್ ಟೆಕ್ನೀಷಿಯನ್. ತುಂಬಾ ಹೆದರಿದ್ದರು. "ಸಿಗ್ನಲ್ ಸಿಗ್ತಿರಲಿಲ್ಲ ಸರ್, ಡಾಕ್ಟರ್ ಫೋನಿಗೆ ರಿಪೋರ್ಟ್ ಕಳಿಸೋಕೆ ಮೆಟ್ಟಿಲ ಹತ್ರ ಬರಬೇಕಿತ್ತು" ಎಂದರು. ಲ್ಯಾಬಿಗೆ ವೈಫೈ ಬೇಕು ಅಂತ ಅವರು ನನ್ನ ಬಳಿ ಮೂರು ಸಲ ಕೇಳಿದ್ದರು. ಮೂರು ಸಲವೂ "ಮುಂದಿನ ವಾರ" ಅಂದಿದ್ದೆ. ಅವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಮ್ಯಾನೇಜರ್ ಕೇಳಿದಾಗಲೂ ತಪ್ಪು ನನ್ನ ಕಡೆಯದು ಎಂದೇ ಹೇಳಿದೆ.

ರೂಟರ್ ತೆಗೆದು, ಸಿಸ್ಟಮ್‌ಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಿಸಿದೆ. 12 ಗಂಟೆ ದಾಟುವ ಹೊತ್ತಿಗೆ ಎಲ್ಲ ಸರಿಯಾಯಿತು.

ಆ ವಾರವೇ ಲ್ಯಾಬಿಗೆ ಒಂದು ಆಕ್ಸೆಸ್ ಪಾಯಿಂಟ್ ಹಾಕಿದೆ. ಅದು ವಿಳಾಸ ಹಂಚುವುದಿಲ್ಲ, ವೈರಿನ ನೆಟ್‌ವರ್ಕನ್ನು ಗಾಳಿಗೆ ಬಿಡುತ್ತದೆ ಅಷ್ಟೆ. ಅಲ್ಲಿನ ಗೋಡೆ ದಪ್ಪ. ವೈಫೈನ 5 ಗಿಗಾಹರ್ಟ್ಸ್ ರೇಡಿಯೋ ಬ್ಯಾಂಡ್ ವೇಗವಾಗಿದ್ದರೂ ಗೋಡೆ ದಾಟುವಾಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಪಕ್ಕದ ವಾರ್ಡಿನದು 1ರಲ್ಲಿತ್ತು, ಲ್ಯಾಬಿನದನ್ನು 11ಕ್ಕೆ ಇಟ್ಟೆ. ಆಮೇಲೆ ಆಡಳಿತದವರನ್ನು ಒಪ್ಪಿಸಿ ಮ್ಯಾನೇಜ್ಡ್ ಸ್ವಿಚ್, ಅಂದರೆ ಪೋರ್ಟ್ ಪೋರ್ಟಿಗೂ ನಾವು ನಿಯಮ ಹಾಕಬಹುದಾದ ಸ್ವಿಚ್, ತರಿಸಿದೆ. ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಅಂತ ಒಂದು ಸೌಲಭ್ಯ ಇದೆ. ಮುಖ್ಯ ರೂಟರ್ ಇರುವ ಪೋರ್ಟಿನಿಂದ ಮಾತ್ರ ವಿಳಾಸ ಬರಲು ಬಿಡುತ್ತದೆ, ಬೇರೆ ಪೋರ್ಟಿನಿಂದ ಬಂದರೆ ತಡೆಯುತ್ತದೆ. ಎರಡು ಭಾನುವಾರ ಕೂತು ಎಲ್ಲ ವೈರುಗಳ ಎರಡೂ ತುದಿಗೆ ಲೇಬಲ್ ಹಚ್ಚಿದೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಇಷ್ಟನ್ನಾದರೂ ಮೊದಲ ವಾರದಲ್ಲೇ ಮಾಡಿ. ಟೇಪು, ಪೆನ್ನು ಸಾಕು.

ಲೇಬಲ್ ಹಚ್ಚುವಾಗಲೇ ಇನ್ನೊಂದು ವಿಷಯ ಸಿಕ್ಕಿತು. ಹಿಂದಿನ ಬ್ಲಾಕಿಗೆ ತಾಮ್ರದ ಕೇಬಲ್ ಎಳೆದಿದ್ದರು. ಸುತ್ತಿ ಬಳಸಿ ಅಳೆದರೆ ಸುಮಾರು 130 ಮೀಟರ್. ಈ ಕೇಬಲ್ಲಿನ ಮಿತಿ 100 ಮೀಟರ್. ಅಲ್ಲಿನ ಎಕ್ಸ್‌ರೇ ಚಿತ್ರಗಳು ಆಗಾಗ ಅರ್ಧಕ್ಕೇ ನಿಲ್ಲುತ್ತಿದ್ದದ್ದು ಇದಕ್ಕೇ. ಜೊತೆಗೆ ನಮ್ಮ ಮಲೆನಾಡಿನ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ಲ. ಎರಡು ಕಟ್ಟಡಗಳ ನಡುವೆ ಹೊರಗೆ ತಾಮ್ರ ಎಳೆದರೆ ಸಿಡಿಲಿನ ಹೊಡೆತ ಅದರಲ್ಲಿ ಹರಿದು ಬಂದು ಎರಡೂ ಕಡೆಯ ಪೋರ್ಟ್ ಸುಟ್ಟುಹೋಗಬಹುದು. ಫೈಬರ್‌ನಲ್ಲಿ ಹೋಗುವುದು ಬೆಳಕು, ಅದರ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಲೋಹದ ತಂತಿ ಇಲ್ಲದ ಫೈಬರ್ ಕೇಬಲ್ಲನ್ನೇ ಆರಿಸಿ ಹಾಕಿಸಿದೆವು.

ಕೊನೆಯದಾಗಿ ಒಂದು ಚೀಟಿ ಬರೆದು ಪ್ರತಿ ಕೌಂಟರಿನಲ್ಲಿ ಅಂಟಿಸಿದೆ. ಮೂರೇ ಸಾಲು. ಪಕ್ಕದವರಿಗೆ ಬರುತ್ತಿದೆಯಾ? ಬಿಲ್ಲಿಂಗ್ ತೆರೆಯುತ್ತಿದೆಯಾ? ಗೂಗಲ್ ತೆರೆಯುತ್ತಿದೆಯಾ? ಪಕ್ಕದವರಿಗೆ ಇದ್ದು ನಿಮಗಿಲ್ಲದಿದ್ದರೆ ನಾನು ಮೊದಲು ನಿಮ್ಮ ಮೇಜಿನ ವೈರು, ವಿಳಾಸ ನೋಡುತ್ತೇನೆ. ಯಾರಿಗೂ ಬಿಲ್ಲಿಂಗ್ ಇಲ್ಲದಿದ್ದರೆ ನಮ್ಮ ಸರ್ವರ್, ಸ್ವಿಚ್ ನೋಡುತ್ತೇನೆ. ಬಿಲ್ಲಿಂಗ್ ಇದ್ದು ಗೂಗಲ್ ಮಾತ್ರ ಇಲ್ಲದಿದ್ದರೆ ನಮ್ಮ ರೂಟರ್ ಒಮ್ಮೆ ನೋಡಿ, ಆಮೇಲೆ ಕಂಪನಿಗೆ ಫೋನ್ ಮಾಡುತ್ತೇನೆ.

ಕಳೆದ ವಾರ ಮಳೆಗೆ ಮರದ ಕೊಂಬೆ ಬಿದ್ದು ರಸ್ತೆಯ ಫೈಬರ್ ಕಡಿದುಹೋಯಿತು. ಬಿಲ್ಲಿಂಗ್ ಮೇಡಂ ಫೋನ್ ಮಾಡಿದರು. "ಸರ್, ಬಿಲ್ ಆಗ್ತಾ ಇದೆ, ಗೂಗಲ್ ಯಾರಿಗೂ ಬರ್ತಿಲ್ಲ. ಕಂಪನಿಯವರಿಗೆ ನೀವು ಮಾಡ್ತೀರೋ, ನಾನೇ ಮಾಡ್ಲೋ?"