ಅಂಗಾಲಿನ ಮಚ್ಚೆ

ಊರಲ್ಲಿ ಅಮ್ಮ ಬಿಸಿಲಿಗೆ ಹೋಗಬೇಡ ಅಂತ ಗದರುತ್ತಿದ್ದದ್ದು ಕಪ್ಪಾಗ್ತೀಯಾ ಅಂತ. ಇಲ್ಲಿ ಬ್ರಿಸ್ಬೇನಿನಲ್ಲಿ ಮಗಳ ಸ್ಕೂಲಿನವರ ಭಯವೇ ಬೇರೆ. ‘ನೋ ಹ್ಯಾಟ್, ನೋ ಪ್ಲೇ’. ಒಂದು ದಿನ ಟೋಪಿ ಮರೆತು ಹೋಗಿದ್ದಳು, ಬಿಡುವಿನ ಹೊತ್ತೆಲ್ಲಾ ನೆರಳಲ್ಲೇ ಕೂರಿಸಿದರಂತೆ. ಮುಖ ಊದಿಸಿಕೊಂಡು ಮನೆಗೆ ಬಂದಳು.

ಸುಮ್ನೆ ಹೆದರುವವರಲ್ಲ ಇವರು. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಚರ್ಮದ ಕ್ಯಾನ್ಸರ್ ಬರುತ್ತದೆ. ಹೆಚ್ಚಿನವು ಸಣ್ಣವು, ಕತ್ತರಿಸಿ ತೆಗೆದರೆ ಮುಗಿಯಿತು. ನಮ್ಮ ಆಫೀಸಿನ ಹಿರಿಯರೊಬ್ಬರ ಕಿವಿಯಂಚಲ್ಲಿ, ಮೂಗಿನ ಮೇಲೆ ಹೊಲಿಗೆ ಗುರುತಿದೆ. ಹಲ್ಲು ಕೀಳಿಸಿಕೊಂಡ ಹಾಗೆ ಹೇಳುತ್ತಾರೆ. ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಮಾತ್ರ ಹಾಗಲ್ಲ, ತಡವಾದರೆ ಜೀವಕ್ಕೇ ಬರುತ್ತದೆ.

ಇಲ್ಲಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ನ್ಯಾಂಬರ್ ಅನ್ನೋ ಊರು. 1992ರಲ್ಲಿ ಅಲ್ಲಿನ 1,621 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ದಿನಾ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರಿಗೆ ಅವರವರ ಇಷ್ಟ. 1996ರವರೆಗೆ ಹೀಗೇ ನಡೆಯಿತು. ಆಮೇಲೂ ಹತ್ತು ವರ್ಷ ಬಿಡದೆ ವಿಚಾರಿಸಿಕೊಂಡರು. ದಿನಾ ಹಚ್ಚಿದವರಲ್ಲಿ ಮೆಲನೋಮ ಬಂದದ್ದು 11 ಜನಕ್ಕೆ, ಉಳಿದವರಲ್ಲಿ 22. ಲೆಕ್ಕ ಚಿಕ್ಕದೇ, ಆದರೆ ಅರ್ಧಕ್ಕರ್ಧ ಅಲ್ವಾ?

ನಮ್ಮ ಕಂದು ಚರ್ಮಕ್ಕೆ ಇದೆಲ್ಲ ಯಾಕೆ ಅಂತ ನಾನು ಆರು ವರ್ಷ ತಳ್ಳಿಕೊಂಡೇ ಬಂದೆ. ಕೊನೆಗೆ ಹೋದ ತಿಂಗಳು ಸ್ಕಿನ್ ಚೆಕ್ಕಿಗೆ ಹೋದೆ. ಡಾಕ್ಟರು ಬೆನ್ನು, ಕತ್ತು ಬೇಗ ಮುಗಿಸಿ ಕಾಲ್ಚೀಲ ಬಿಚ್ಚಿ ಅಂದರು. ಬೆರಳ ಸಂದಿ ಬಿಡಿಸಿ ನೋಡಿದರು. ಉಗುರಿನ ಬಣ್ಣ ಅಳಿಸಿ ಬರಬೇಕಿತ್ತು ಅಂತ ಸಣ್ಣಗೆ ಬೈದರು. ನಿಮ್ಮ ಬಣ್ಣದವರಿಗೆ ಬಿಸಿಲಿನ ಕ್ಯಾನ್ಸರ್ ಅಪರೂಪ, ವಿಟಮಿನ್ ಡಿ ಕೊರತೆಯೇ ಜಾಸ್ತಿ. ಮೆಲನೋಮ ಬಂದರೂ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ, ಬಿಸಿಲು ಬೀಳದ ಕಡೆ. ಅಲ್ಲಿ ಯಾರೂ ನೋಡುವುದಿಲ್ಲ, ಗೊತ್ತಾಗುವಷ್ಟರಲ್ಲಿ ತಡ ಆಗಿರುತ್ತದೆ ಅಂದರು.

ನನ್ನ ಎಡ ಅಂಗಾಲಲ್ಲಿ ಒಂದು ಮಚ್ಚೆ ಇದೆ, ಹುಟ್ಟಿದಾಗಿನಿಂದ. ಅದಕ್ಕೆ ದೀಪದ ಭೂತಗನ್ನಡಿ ಒತ್ತಿ ಫೋಟೋ ತೆಗೆದರು. ಏನೂ ಇಲ್ಲ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಹೋಲಿಸಿ ನೋಡೋಣ ಅಂದರು.

ರಾತ್ರಿ ಅಮ್ಮನಿಗೆ ಹೇಳಿದೆ. “ಅದನ್ನ ಮಾತ್ರ ತೆಗೆಸಬೇಡ ಕಣೇ” ಅಂದಳು. “ಅಂಗಾಲಲ್ಲಿ ಮಚ್ಚೆ ಇದ್ದದ್ದಕ್ಕೇ ನೀನು ಫಾರಿನ್ನಿಗೆ ಹೋಗಿದ್ದು.”