ಅಷ್ಟು ಹಾಳಾದ ಜಾಗಕ್ಕೆ ಮಕ್ಕಳನ್ನು ಕರ್ಕೊಂಡು ಯಾಕೆ ಹೋಗ್ತೀರಿ?

ಪುಣೆಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ. ಮೊನ್ನೆ ಕೋಥ್ರೂಡಿನಲ್ಲಿ ಒಂದು ಸೀಮಂತದ ಊಟಕ್ಕೆ ಕೂತಾಗಲೂ ಬಂತು. "ಪವನಾ ಹಿನ್ನೀರಿನ ಸುತ್ತ ಅಷ್ಟೊಂದು ಪ್ರೈವೇಟ್ ಕ್ಯಾಂಪ್ ಇವೆ. ದುಡ್ಡು ಕೊಟ್ರೆ ಊಟ, ಬಿಸಿನೀರು ಎಲ್ಲಾ ಸಿಗತ್ತೆ. ನೀವು ನೋಡಿದ್ರೆ ಆ ಸರ್ಕಾರಿ ಕ್ಯಾಂಪಿಗೆ ಹೋಗ್ತೀರಿ. ನಲ್ಲೀಲಿ ನೀರಿಲ್ಲ ಅಂತ ನೀವೇ ಹೇಳ್ತೀರಿ. ಮತ್ತೆ ಯಾಕೆ ಹೋಗೋದು?"

ಪಂಕ್ತಿಯಲ್ಲಿ ಕೂತು ಇದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ಹೋಗಿದ್ದು 2023ರ ಜೂನ್ ಮಧ್ಯದಲ್ಲಿ. ಆ ವರ್ಷ ಮಳೆ ತಡ ಮಾಡಿತ್ತು. ಪುಣೆಗೆ ಬಂದಿದ್ದು ತಿಂಗಳ ಕೊನೆಯ ವಾರದಲ್ಲಿ. ಸಹ್ಯಾದ್ರಿಯಲ್ಲಿ ಮಿಂಚುಹುಳ ನೋಡಬೇಕು ಅಂದರೆ ಮಳೆ ಹಿಡಿಯುವ ಮುಂಚಿನ ಆ ಕೆಲವು ವಾರವೇ ಸರಿ. ಜೊತೆಗೆ ಅಮಾವಾಸ್ಯೆಯೂ ಹತ್ತಿರ ಇತ್ತು. ನಾನು, ನಮ್ಮನೆಯವರು, ಅಣ್ಣ, ಅತ್ತಿಗೆ, ಮಗಳು, ಮಗ, ಇಷ್ಟು ಜನ ಹೊರಟೆವು. ಪುಣೆಯಿಂದ ಮೂರು ಗಂಟೆ ದಾರಿ. ಒಂದು ಕಡೆ ಕಾಡು, ಇನ್ನೊಂದು ಕಡೆ ಹಿನ್ನೀರು. ನೀರು ತಳ ಸೇರಿ ದಡದ ಮಣ್ಣು ಬಿರುಕು ಬಿಟ್ಟಿತ್ತು.

ಗೇಟಿನ ಬಳಿ ದೊಡ್ಡ ಬೋರ್ಡು. ಟೆಂಟು, ಶೌಚಾಲಯ, ಕುಡಿಯುವ ನೀರು, ಸೋಲಾರ್ ದೀಪ ಎಲ್ಲಾ ಇದೆ ಅಂತ ಹೊಸ ಬಣ್ಣದಲ್ಲಿ ಬರೆದಿತ್ತು. ಒಳಗೆ ಹೋದರೆ ಎಂಟು ದೀಪದ ಕಂಬಗಳಲ್ಲಿ ಒಂದಕ್ಕೂ ಬ್ಯಾಟರಿ ಇಲ್ಲ, ವೈರು ಜೋತಾಡುತ್ತಿತ್ತು. ಟೆಂಟ್ ಹಾಕುವ ಸಿಮೆಂಟ್ ಕಟ್ಟೆಗಳು ಒಡೆದು ನಡುವೆ ಹುಲ್ಲು ಎದ್ದಿತ್ತು. ನಮಗೆ ಕೊಟ್ಟ ಎರಡು ಟೆಂಟಿನಲ್ಲಿ ಒಂದರ ಜಿಪ್ ಅರ್ಧಕ್ಕೇ ನಿಲ್ಲುತ್ತಿತ್ತು. ನೀರಿನ ಟ್ಯಾಂಕಿನ ಮುಚ್ಚಳ ಹಾರಿಹೋಗಿತ್ತು. ಅಣ್ಣ ಏಣಿ ಹತ್ತಿ ನೋಡಿದ. ಕೊಳೆತ ಎಲೆ, ಎರಡು ಕಪ್ಪೆ.

ಇಷ್ಟೆಲ್ಲ ಸಹಿಸಬಹುದು. ನಾನು ಶಿರಸಿಯವಳು, ಕಪ್ಪೆ ನನಗೆ ಹೊಸದಲ್ಲ. ನನ್ನನ್ನು ನಿಜವಾಗಿ ಕೊರೆದಿದ್ದು ಶೌಚಾಲಯ.

ಅಲ್ಲಿ ನಾಲ್ಕು ಇದ್ದವು. ಎರಡಕ್ಕೆ ಬೀಗ. ಮೂರನೆಯದರಲ್ಲಿ ಹಳೇ ಹಾಸಿಗೆ ತುಂಬಿಟ್ಟಿದ್ದರು. ಉಳಿದಿದ್ದು ಒಂದು. ಅದಕ್ಕೆ ಚಿಲಕ ಇಲ್ಲ. ಚಿಲಕ ಇದ್ದ ಜಾಗದಲ್ಲಿ ನಾಲ್ಕು ತೂತು, ತುಕ್ಕಿನ ಕಲೆ. ನಲ್ಲಿಯ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು. ಅದರಿಂದ ಹನಿ ಹನಿಯಾಗಿ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಬಕೆಟ್ ತುಂಬಲು ಮುಕ್ಕಾಲು ಗಂಟೆ ಬೇಕಿತ್ತು.

ಮಧ್ಯಾಹ್ನ ಮೂರರ ಮೇಲೆ ಅತ್ತಿಗೆ ನೀರು ಕುಡಿಯುವುದನ್ನು ನಿಲ್ಲಿಸಿದರು. ಏನೂ ಹೇಳಲಿಲ್ಲ, ಸುಮ್ನೆ ಲೋಟ ಪಕ್ಕಕ್ಕೆ ಸರಿಸಿದರು. ಜೂನ್ ತಿಂಗಳ ಸೆಕೆ, ಮೈಯೆಲ್ಲ ಬೆವರು. ಚಹಾ ಮಾಡಿದೆ, ಬೇಡ ಅಂದರು. ಸ್ವಲ್ಪ ಹೊತ್ತಿಗೆ ನನ್ನ ಹದಿಮೂರು ವರ್ಷದ ಮಗಳೂ ನೀರಿನ ಬಾಟಲಿ ಹಾಗೇ ಬ್ಯಾಗಿನೊಳಗೆ ಇಟ್ಟಳು. ಅತ್ತೆಯನ್ನು ನೋಡಿ ಕಲಿತಳು. ನನಗೆ ಆಗ ಹೊಟ್ಟೆ ಉರಿಯಿತು. ಗಂಡಸರಿಗೆ ಇದು ಗೊತ್ತೇ ಆಗಲಿಲ್ಲ. ಅವರು ಒಲೆ ಹೊತ್ತಿಸುವ ಗಡಿಬಿಡಿಯಲ್ಲಿದ್ದರು. ಕಾಡು ನೋಡಲು ಬಂದ ಹುಡುಗಿ ಬಾಯಾರಿಕೊಂಡು ಕೂರಬೇಕು, ಅದೂ ಒಂದು ಚಿಲಕಕ್ಕಾಗಿ! ಅಂಗಡಿಯಲ್ಲಿ ಅದಕ್ಕೆಷ್ಟು ಬೆಲೆ, ಯೋಚನೆ ಮಾಡಿ. ಇಂಥ ಜಾಗಗಳಿಗೆ ಹೆಂಗಸರು ಕಡಿಮೆ ಬರುತ್ತಾರೆ, ಅವರಿಗೆ ಕಾಡಿನ ಆಸೆ ಇಲ್ಲ ಅಂತ ಹೇಳುವವರಿದ್ದಾರೆ. ಆಸೆ ಬೇಕಾದಷ್ಟಿದೆ. ಬಾಗಿಲು ಹಾಕಿಕೊಳ್ಳಲು ಆಗುವುದಿಲ್ಲ, ಅಷ್ಟೇ.

ಆ ರಾತ್ರಿ ನಾನು ಹೊರಗೆ ಟಾರ್ಚ್ ಹಿಡಿದು ನಿಂತೆ, ಅತ್ತಿಗೆ ಹೋಗಿಬಂದರು. ಆಮೇಲೆ ಅವರು ನಿಂತರು.

ಸಂಜೆ ಇನ್ನೊಂದು ಆಯಿತು. ಹಿಂದೆ ಬಂದವರು ಬೆಂಕಿ ಹಾಕಿದ್ದ ಕಲ್ಲಿನ ಸುತ್ತ ಬಿಯರ್ ಬಾಟಲಿ ಒಡೆದಿದ್ದರು. ಬೂದಿಯಡಿ ಗಾಜು ಕಾಣುತ್ತಿರಲಿಲ್ಲ. ಮಗ ಚಪ್ಪಲಿ ಬಿಟ್ಟು ಓಡಿದ. ಅಂಗಾಲಿಗೆ ಒಂದಿಂಚು ಸೀಳಿತು. ಪಕ್ಕದ ಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ನರ್ಸ್ ಗಾಯ ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆಯಲ್ಲಿ ಕಳಿಸಿದರು. ಎಷ್ಟು ಚೆನ್ನಾಗಿ ನೋಡಿಕೊಂಡರು! ಅದೂ ಸರ್ಕಾರಿ ಜಾಗವೇ ಅಲ್ವಾ?

ಇನ್ನು ಕ್ಯಾಂಪ್ ನೋಡಿಕೊಳ್ಳುವವರ ವಿಷಯ. ಐವತ್ತೈದು ದಾಟಿದವರು, ನಾವು ಕಾಕಾ ಅಂತ ಕರೆಯುತ್ತೇವೆ. ನಾವು ಸೈಕಲ್ ಟ್ಯೂಬ್ ನೋಡುತ್ತ ಕನ್ನಡದಲ್ಲಿ ಬೈಯುತ್ತಿದ್ದೆವು. ಹಿಂದಿನಿಂದ ದನಿ ಬಂತು. "ಅಕ್ಕಾರ, ನೀವು ಕನ್ನಡ ಮಂದಿ ಏನ್ರಿ?" ಅವರ ಊರು ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕು. ಆ ಕಡೆ ಮನೆಮಾತು ಕನ್ನಡ ಇರುವ ಹಳ್ಳಿಗಳು ಬೇಕಾದಷ್ಟಿವೆ. ಟ್ಯೂಬ್ ಕಟ್ಟಿದ್ದು ತಾನೇ ಅಂತ ನಾಚಿಕೆಯಿಂದ ಹೇಳಿದರು. "ವಾಷರ್ ಒಂದು ಬೇಕಂದ್ರೂ ಅರ್ಜಿ ಬರೀಬೇಕ್ರಿ. ಮೂರು ಸಲ ಬರದೇನಿ. ಮಂದಿ ಬಂದು ನನಗ ಬೈದು ಹೋಗ್ತಾರ. ಪುಸ್ತಕದಾಗ ಬರೀರಿ ಅಂದ್ರ ಯಾರೂ ಬರಿಯಂಗಿಲ್ಲ."

ಈ ಮಾತು ನನ್ನನ್ನು ಬಿಡಲೇ ಇಲ್ಲ. ಎಲ್ಲರ ಸಿಟ್ಟೂ ಆ ಒಬ್ಬ ಮನುಷ್ಯನ ತಲೆಗೆ. ಕಟ್ಟುವಾಗ ಒಂದೇ ಸಲಕ್ಕೆ ದುಡ್ಡು ಬರುತ್ತದೆ, ರಿಬ್ಬನ್ ಕತ್ತರಿಸುತ್ತಾರೆ. ಆಮೇಲೆ ವರ್ಷ ವರ್ಷ ವಾಷರ್, ಚಿಲಕ, ಬ್ಯಾಟರಿ, ಗುಡಿಸುವ ಕೈ ಬೇಕು. ಅದಕ್ಕೆ ಯಾರೂ ಮುಂದೆ ಬರುವುದಿಲ್ಲ. ಮನೆ ಕಟ್ಟಿದವರಿಗೆಲ್ಲ ಈ ಕಷ್ಟ ಗೊತ್ತು.

ಹಾಗಂತ "ಸರ್ಕಾರಿ ಜಾಗ ಅಂದ್ರೆ ಹೀಗೇ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಶಾಲೆಯಲ್ಲಿದ್ದಾಗ ನಮ್ಮನ್ನು ದಾಂಡೇಲಿ ಹತ್ತಿರದ ಕುಳಗಿ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರು. ಅರಣ್ಯ ಇಲಾಖೆಯದ್ದು. ಸಾದಾ ಟೆಂಟು, ಸಾದಾ ಊಟ. ಆದರೆ ನೀರಿತ್ತು, ಬಾಗಿಲಿಗೆ ಚಿಲಕ ಇತ್ತು. ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ 1980ರ ದಶಕದಿಂದ ಕಾಡಿನೊಳಗೆ ವಸತಿ ನಡೆಸುತ್ತಿದೆ. ಮಾಡಿದರೆ ಆಗುತ್ತದೆ.

ಮತ್ತೆ ಯಾಕೆ ಹೋಗೋದು ಅಂದರೆ, ಆ ರಾತ್ರಿ ಎಂಟೂವರೆಗೆ ಏನಾಯಿತು ಅಂತ ಹೇಳಬೇಕು.

ಕತ್ತಲಾಯಿತು. ದೀಪವೇ ಇಲ್ಲವಲ್ಲ, ನಿಜವಾದ ಕತ್ತಲು. ಕಾಕಾ ನಮ್ಮನ್ನು ಹಿನ್ನೀರಿನ ಕಡೆ ಐದು ನಿಮಿಷ ನಡೆಸಿದರು. ಟಾರ್ಚ್ ಆರಿಸಿ ಅಂದರು. ಮೊದಲು ಒಂದು ಮಿಣುಕು, ಆಮೇಲೆ ನಾಲ್ಕು. ಒಂದು ಹತ್ತು ನಿಮಿಷಕ್ಕೆ ಎದುರಿಗಿದ್ದ ಇಡೀ ಮರ ಬುಡದಿಂದ ತುದಿಯವರೆಗೆ ಉಸಿರಾಡಿದ ಹಾಗೆ ಹೊತ್ತಿ ಆರಲು ಶುರುವಾಯಿತು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಮಗ ಅಪ್ಪನ ಹೆಗಲ ಮೇಲಿದ್ದ. ಅವನ ಬಾಯಿಂದ ಒಂದು ಮಾತು ಬರಲಿಲ್ಲ. ಶಿರಸಿಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದೆ, ಆದರೆ ಇಷ್ಟು ಜಾಸ್ತಿ ಯಾವತ್ತೂ ನೋಡಿರಲಿಲ್ಲ.

ಮಿಂಚುಹುಳಗಳು ಜೋಡಿ ಹುಡುಕುವುದೇ ಈ ಬೆಳಕಿನಿಂದ. ಗಂಡು ಮಿನುಗುತ್ತದೆ, ಹೆಣ್ಣು ಉತ್ತರ ಕೊಡುತ್ತದೆ. ಕಾರಿನ ಹೆಡ್‌ಲೈಟ್ ಬಿದ್ದರೆ, ಫೋನಿನ ಟಾರ್ಚ್ ಹಾಕಿದರೆ ಆ ಮಾತುಕತೆ ನಿಂತುಹೋಗುತ್ತದೆ. ಅವುಗಳ ಮರಿಗಳು ತಿಂಗಳುಗಟ್ಟಲೆ ಒದ್ದೆ ಮಣ್ಣಿನಲ್ಲಿ, ತರಗೆಲೆಯಡಿ ಬಸವನಹುಳ ತಿಂದು ಬೆಳೆಯುತ್ತವೆ. ಮರದಡಿ ಕಾರು ನಿಲ್ಲಿಸಿದರೆ ಮುಂದಿನ ವರ್ಷದ ಹುಳಗಳ ಮೇಲೇ ನಿಲ್ಲಿಸಿದ ಹಾಗೆ. ಭಂಡಾರದರಾ ಕಡೆ ಮಿಂಚುಹುಳದ ಸೀಸನ್ನಿನಲ್ಲಿ ಶನಿವಾರ ರಾತ್ರಿ ಕಾರುಗಳ ಸಾಲು ನೋಡಿದರೆ ಸಂಕಟವಾಗುತ್ತದೆ. ಒಂದು ಸಲ ಖಾಸಗಿ ಕ್ಯಾಂಪಿಗೂ ಹೋಗಿದ್ದೆವು. ಸ್ವಚ್ಛ ಇತ್ತು, ಊಟ ಚೆನ್ನಾಗಿತ್ತು. ರಾತ್ರಿಯಿಡೀ ಸ್ಪೀಕರ್, ಟೆಂಟಿನಿಂದ ಟೆಂಟಿಗೆ ಬಲ್ಬಿನ ಸರ. ಒಂದು ನಕ್ಷತ್ರ ಕಾಣಲಿಲ್ಲ.

ಅದಕ್ಕೇ ಆ ಸತ್ತ ದೀಪದ ಕಂಬಗಳ ಬಗ್ಗೆ ನನ್ನದೊಂದು ಆಸೆ ಇದೆ. ರಿಪೇರಿ ಮಾಡಿಸುವಾಗ ಎತ್ತರದ ಬಿಳಿ ದೀಪ ಹಾಕಿಸಬೇಡಿ. ಮೊಣಕಾಲೆತ್ತರಕ್ಕೆ, ಹಳದಿ ಬೆಳಕು, ಶೌಚಾಲಯದ ದಾರಿಗೆ ಮಾತ್ರ. ಒಂದು ಸ್ವಿಚ್ಚು ಇರಲಿ. ಇದನ್ನೂ ಬರೆದು ಕೊಟ್ಟಿದ್ದೇನೆ.

ಇನ್ನೊಂದು ಕಾರಣ. ಪಕ್ಕದ ಟೆಂಟಿನಲ್ಲಿ ಹಡಪ್ಸರದ ಒಬ್ಬ ರಿಕ್ಷಾ ಓಡಿಸುವವರು, ಹೆಂಡತಿ, ಇಬ್ಬರು ಮಕ್ಕಳ ಜೊತೆ ಬಂದಿದ್ದರು. ಖಾಸಗಿ ಕ್ಯಾಂಪಿನ ರೇಟು ಅವರ ಕೈಗೆಟುಕುವಂಥದ್ದಲ್ಲ. ದುಡ್ಡಿರುವ ನಾವೆಲ್ಲ ಬೇರೆ ಕಡೆ ಹೋದರೆ ಅವರಿಗೆ ಉಳಿಯುವುದು ಚಿಲಕವಿಲ್ಲದ ಬಾಗಿಲು. ಯಾರೂ ಬಾರದ ಜಾಗಕ್ಕೆ ನಲ್ಲಿ ಹಾಕಿಸಬೇಕು ಅಂತ ಯಾವ ಸಾಹೇಬರಿಗೂ ಅನ್ನಿಸುವುದಿಲ್ಲ.

ಆದರೆ ಹೋಗುವವರು ತಯಾರಾಗಿ ಹೋಗಬೇಕು. ಹರಿದ ಜಿಪ್ಪನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಬಿಸಾಕಿದ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕಟ್ಟು ಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ನೋವು ಅಷ್ಟು ಕಡಿಮೆ. ಬೆಳಗ್ಗೆ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಜೋತುಬಿದ್ದಿರುತ್ತದೆ. ಆಗ ಒಂದು ನಿಮಿಷವೂ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೆಲಸ ಮಾಡುತ್ತದೆ. ಅದು ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ನಾನು ಆ ರಾತ್ರಿ ಬಟ್ಟೆ ಕ್ಲಿಪ್ಪು ಹಾಕಿ ಟೆಂಟಿನ ಬಾಗಿಲು ಮುಚ್ಚಿದೆ, ಕೆಳಗೆ ದಪ್ಪ ತಾಡಪತ್ರಿ ಮಡಚಿ ಸಿಕ್ಕಿಸಿದೆ. ಬೆಳಗ್ಗೆ ಶೂ ಕೊಡವದೆ ಹಾಕಿಕೊಳ್ಳಬಾರದು. ಘಟ್ಟದ ಕೆಳಗೆ ಕೊಂಕಣದಲ್ಲಿ ಕೆಂಪು ಚೇಳಿನಿಂದ ಎಷ್ಟೋ ಮಕ್ಕಳು ಸಾಯುತ್ತಿದ್ದರು. ಬಿಪಿಗೆ ಕೊಡುವ ಪ್ರಾಜೋಸಿನ್ ಮಾತ್ರೆಯಿಂದ ಅವರನ್ನು ಉಳಿಸಬಹುದು ಅಂತ ತೋರಿಸಿಕೊಟ್ಟವರು ಮಹಾಡದ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹೆಸರು ಮಕ್ಕಳಿಗೆ ಹೇಳಿಕೊಡಿ.

ನೀರು ಇಪ್ಪತ್ತು ಲೀಟರಿನ ಕ್ಯಾನು ಮನೆಯಿಂದಲೇ ಒಯ್ಯುತ್ತೇವೆ. ಟ್ಯಾಂಕಿನ ನೀರು ಬಳಸಲೇಬೇಕಾದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲು ಬಿಡಿ. ಶೌಚಾಲಯ ಬಳಸಲು ಆಗದೇ ಇದ್ದರೆ ಗುದ್ದಲಿ ಇರಲಿ. ಗೇಣು ಆಳದ ಗುಂಡಿ, ನೀರಿನಿಂದ ಅರವತ್ತು ಎಪ್ಪತ್ತು ಮೀಟರ್ ದೂರ, ಆಮೇಲೆ ಮಣ್ಣು ಮುಚ್ಚಿ. ಪ್ಯಾಡ್, ಪ್ಲಾಸ್ಟಿಕ್ ಹೂಳಬೇಡಿ, ಪೇಪರಿನಲ್ಲಿ ಸುತ್ತಿ ವಾಪಸ್ ತನ್ನಿ.

ಮತ್ತು ಬರೆಯಿರಿ. "ಸ್ವಚ್ಛತೆ ಇಲ್ಲ" ಅಂತ ಬರೆದರೆ ಏನೂ ಆಗುವುದಿಲ್ಲ. ಹೊರಡುವ ಬೆಳಗ್ಗೆ ಕಾಕಾ ಕೊಟ್ಟ ಪುಸ್ತಕದಲ್ಲಿ ನಾನು ತಾರೀಖು ಹಾಕಿ ಬರೆದೆ: ನಾಲ್ಕನೇ ಶೌಚಾಲಯಕ್ಕೆ ಚಿಲಕ ಇಲ್ಲ, ಟ್ಯಾಂಕಿಗೆ ಮುಚ್ಚಳ ಇಲ್ಲ, ಎಂಟು ದೀಪದಲ್ಲಿ ಎಂಟೂ ಕೆಟ್ಟಿವೆ, ಬೆಂಕಿಯ ಜಾಗದಲ್ಲಿ ಗಾಜು ಇದೆ, ಮಗುವಿಗೆ ಗಾಯವಾಗಿದೆ. ಕೊನೆಯಲ್ಲಿ, ಇಲ್ಲಿನ ಸಿಬ್ಬಂದಿ ತಮ್ಮ ಕೈಲಾದ್ದೆಲ್ಲ ಮಾಡಿದ್ದಾರೆ ಅಂತಲೂ ಸೇರಿಸಿದೆ. ಅದರ ಫೋಟೋ ತೆಗೆದು, ಮನೆಗೆ ಬಂದು, ಮಹಾರಾಷ್ಟ್ರ ಸರ್ಕಾರದ 'ಆಪಲೇ ಸರಕಾರ್' ವೆಬ್‌ಸೈಟಿನಲ್ಲಿ ಮರಾಠಿಯಲ್ಲಿ ದೂರು ಹಾಕಿದೆ. ನನ್ನ ಮರಾಠಿ ಅಷ್ಟು ಚೆನ್ನಾಗಿಲ್ಲ, ಮಗಳು ತಿದ್ದಿದಳು. ಎರಡು ತಿಂಗಳು ಬಿಟ್ಟು ಮತ್ತೊಂದು ಹಾಕಿದೆವು.

ಅದಾದ ಮೇಲಿನ ಜನವರಿಯಲ್ಲಿ ಮತ್ತೆ ಹೋದೆವು. ದೀಪಗಳು ಹಾಗೇ ಇವೆ. ಕಟ್ಟೆಯ ಬಿರುಕು ಹಾಗೇ ಇದೆ. ಟ್ಯಾಂಕಿಗೆ ಮುಚ್ಚಳ ಬಂದಿದೆ. ಎರಡು ಶೌಚಾಲಯದ ಬೀಗ ತೆಗೆದಿದ್ದಾರೆ. ಕಾಕಾ ನಮ್ಮ ಬ್ಯಾಗು ಇಳಿಸುವ ಮೊದಲೇ ಅತ್ತಿಗೆಯನ್ನು ಕರೆದುಕೊಂಡು ಹೋಗಿ ಬಾಗಿಲು ಎಳೆದು, ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಿದರು. ಎಣ್ಣೆ ಬಿಟ್ಟಿದ್ದರು, ಸದ್ದೇ ಇರಲಿಲ್ಲ.

ರಾತ್ರಿ ಅವರ ಹೆಂಡತಿ ಜೋಳದ ರೊಟ್ಟಿ, ಝುಣಕ ಕಳಿಸಿಕೊಟ್ಟರು. ಚಳಿ ಚೆನ್ನಾಗಿತ್ತು. ಒಂಬತ್ತು ಗಂಟೆಗೆ, ಎಲ್ಲರೂ ಮಲಗುವ ಹೊತ್ತಿಗೆ, ಅತ್ತಿಗೆ ಇನ್ನೊಂದು ಲೋಟ ಚಹಾ ಕೇಳಿದರು.